ಮಾತು ನನ್ನದು, ಧಾಟಿ ತಮ್ಮನದು

ನಾನು ಬರೆದ ಹಾಡಿಗೆ ಜನ ಕುಣಿಯುವುದನ್ನು ಮೊದಲ ಸಲ ನೋಡಿದ್ದು ನಾನೇ ಕೆಲಸ ಮಾಡುವ ಹೋಟೆಲಿನಲ್ಲಿ, ಒಗೆದ ಮೇಜುಬಟ್ಟೆಗಳ ಗಂಟು ಎದೆಗೆ ಅವಚಿಕೊಂಡು ನಿಂತಾಗ. ನಾಶಿಕದಲ್ಲಿ ಹೆದ್ದಾರಿಗೆ ಹತ್ತಿಕೊಂಡಿರುವ ಹೋಟೆಲು ಅದು. ಕೋಣೆಗಳನ್ನೂ ಊಟದ ಹಾಲನ್ನೂ ಚೊಕ್ಕಟವಾಗಿಡುವ ಹೆಂಗಸರ ಮೇಲ್ವಿಚಾರಣೆ ನನ್ನ ಕೆಲಸ. ಅವತ್ತು ಮಧ್ಯಾಹ್ನ ರಸ್ತೆ ಕಂತ್ರಾಟು ಮಾಡುವ ಒಂದು ಕಂಪನಿಯವರ ಊಟವಿತ್ತು. ಅವರ ಮೇಸ್ತ್ರಿಗಳಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರ್ಗಿ ಕಡೆಯವರು. ಹಿಂದಿ ಹಾಡುಗಳು ಸಾಕೆನಿಸಿ ಯಾರೋ ತಮ್ಮ ಮೊಬೈಲು ಕೊಟ್ಟು ಬೇರೆ ಹಾಡು ಹಾಕಿಸಿದರು.

"ಪೈಠಣಿ ಸೀರಿ ಬ್ಯಾಡೋ ನನಗ
ಪ್ಯಾಟಿ ತಿರಗಾಕ ಕರದೊಯ್ಯೋ..."

ದಪ್ಪ ಹೊಟ್ಟೆಯ ಮೇಸ್ತ್ರಿಯೊಬ್ಬ ಕರವಸ್ತ್ರವನ್ನೇ ಸೆರಗಿನ ಹಾಗೆ ತಲೆಗೆ ಹಾಕಿಕೊಂಡು, ಮುನಿಸಿಕೊಂಡ ಹೆಂಡತಿಯಾಗಿ ಕುಣಿದ. ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಎರಡನೆಯ ನುಡಿಯಲ್ಲಿ ಒಂದು ಮಾತನ್ನು ಎಲ್ಲರೂ ತಪ್ಪಾಗಿ ಹಾಡಿದರು, ಹಾಗೆ ಹಾಡಿದ್ದೇ ನನಗೆ ಹೆಚ್ಚು ಚೆಂದ ಕೇಳಿಸಿತು. ನಾನು ಬಾಗಿಲ ಮರೆಯಲ್ಲಿ ನಿಂತು ಕೊನೆಯವರೆಗೂ ಕೇಳಿದೆ. ನಗು ತಡೆಯಲಾಗದೆ ಮೇಜುಬಟ್ಟೆಯಲ್ಲಿ ಮುಖ ಹುದುಗಿಸಿಕೊಂಡೆ.

ಮರುದಿನ ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ. ವಯಸ್ಸಾದ ಮರಾಠಿ ಮನುಷ್ಯ, ಯಾರ ಮಾತನ್ನೂ ಅರ್ಧಕ್ಕೆ ಕಡಿಯುವವರಲ್ಲ. ನೀವೇ ಬರೆದದ್ದೇ ಎಂದು ಎರಡು ಸಲ ಕೇಳಿದರು. ಆಮೇಲೆ, "ಹಾಗಾದರೆ ನೀವು ಯಾವ ಸಂಸ್ಥೆಯ ಸದಸ್ಯರು?" ಅಂದರು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರು ಕುರ್ಚಿ ತೋರಿಸಿ ಕೂಡಿಸಿಕೊಂಡು ವಿವರಿಸಿದರು. ಹೋಟೆಲಿನಂಥ ಜಾಗದಲ್ಲಿ ಹಾಡು ಹಾಕುವುದಕ್ಕೆ ಲೈಸೆನ್ಸ್ ಬೇಕು. ಅದಕ್ಕೆ ಕಟ್ಟುವ ಹಣದಲ್ಲಿ ಹಾಡು ಬರೆದವರಿಗೆ, ಧಾಟಿ ಕಟ್ಟಿದವರಿಗೆ ಪಾಲಿದೆ. ಅದನ್ನು ಕೂಡಿಸಿ ಹಂಚುವುದಕ್ಕೆ ಸಂಸ್ಥೆಗಳಿವೆ. ಬರೆದವರು ತಮಗೆ ಬೇಕಾದ ಒಂದಕ್ಕೆ ಸೇರಿಕೊಳ್ಳಬೇಕು. ಸೇರದವರ ಹಾಡು ಊರೆಲ್ಲ ಕುಣಿಸಿದರೂ ಬರೆದವರು ಯಾರು ಎಂದು ಯಾರೂ ಕೇಳಿಕೊಂಡು ಬರುವುದಿಲ್ಲ.

"ನಾವು ಪ್ರತಿ ವರ್ಷ ಕಟ್ಟುತ್ತೇವೆ. ಕಟ್ಟುವಾಗೆಲ್ಲ ಗೊಣಗುತ್ತೇನೆ," ಎಂದು ನಕ್ಕರು. "ನಮ್ಮ ಹೋಟೆಲಲ್ಲೇ ಬರೆಯುವವರು ಇದ್ದೀರಿ ಎಂದು ಗೊತ್ತಿರಲಿಲ್ಲ. ಯೋಚನೆ ಮಾಡಿ ಒಂದನ್ನು ಆರಿಸಿಕೊಳ್ಳಿ."

ಆರಿಸಿಕೊಳ್ಳಿ ಎಂಬ ಮಾತು ಅವತ್ತು ಬಹಳ ಸುಲಭವಾಗಿ ಕೇಳಿಸಿತು.

ಆ ಹಾಡು ನನ್ನೊಬ್ಬಳದಲ್ಲ. ಮಾತು ನನ್ನದು, ಧಾಟಿ ತಮ್ಮನದು. ನಮ್ಮಪ್ಪ ಗೌಂಡಿ, ಅವ್ವ ಅವನ ಕೈಗೆ ಕಲ್ಲು, ಗಾರೆ ಎತ್ತಿಕೊಡುತ್ತಿದ್ದಳು. ಇಂಡಿ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ನಾಶಿಕಕ್ಕೆ ಬಂದವರು ಇಲ್ಲಿಯೇ ನಿಂತರು. ನನ್ನನ್ನು ನಾಲ್ಕನೆಯ ಇಯತ್ತೆಯವರೆಗೆ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅದಕ್ಕೇ ನನಗೆ ಕನ್ನಡ ಅಕ್ಷರ ಬಂತು. ತಮ್ಮ ಹುಟ್ಟಿ ಬೆಳೆದದ್ದು ಕಟ್ಟಡಗಳ ಕೆಳಗಿನ ತಗಡಿನ ಮನೆಗಳಲ್ಲಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಾನು ಹೇಳಿದ್ದನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡಿಸುತ್ತಾನೆ. ಆ ಲಿಪಿಯಲ್ಲಿ ನಮ್ಮ ಗಿಡ್ಡ ಎಕಾರ, ಒಕಾರ ಇಲ್ಲ. ನಾನು 'ಒಲ್ಲೆ' ಎಂದರೆ ಅವನ ಕಾಗದದಲ್ಲಿ ಅದು 'ಓಲ್ಲೇ' ಆಗುತ್ತಿತ್ತು, ಅದನ್ನು ನೋಡಿ ಹಾಡುವ ಮರಾಠಿ ಹುಡುಗಿ ಹಾಗೇ ಎಳೆದು ಹಾಡುತ್ತಿದ್ದಳು. ಮೊದಮೊದಲು ನಾನು ತಿದ್ದುತ್ತಿದ್ದೆ. ಆಮೇಲೆ ಆ ಎಳೆತವೇ ನಮ್ಮ ಹಾಡಿನ ಗುರುತಾಯಿತು.

ತಮ್ಮ ಸಂಭಾಜಿನಗರದಲ್ಲಿ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಗುತ್ತಿಗೆಯವರನ್ನೆಲ್ಲ ಒಮ್ಮೆಗೇ ಬಿಡಿಸಿದಾಗ, ಮೊದಲಿಂದ ಕೈಯಲ್ಲಿದ್ದ ಢೋಲಕಿಯೇ ಗತಿಯಾಯಿತು. ಮದುವೆ, ಜಯಂತಿಗಳ ಹಾಡು ಮುದ್ರಿಸುವ ಒಂದು ಸ್ಟುಡಿಯೋಕ್ಕೆ ಬಾರಿಸಲು ಹೋದವನು ಅಲ್ಲಿಯೇ ಧಾಟಿ ಕಟ್ಟಲು ಕುಳಿತ. ಸ್ಟುಡಿಯೋದ ಹಿಂದಿನ ಎರಡು ಕೋಣೆಗಳನ್ನು ಮಾಲೀಕರು ಅವನ ಸಂಸಾರಕ್ಕೆ ಬಿಟ್ಟುಕೊಟ್ಟರು. ಅವನ ಹೆಂಡತಿಯ ಹೆರಿಗೆ ಕಷ್ಟವಾದಾಗ ತಮ್ಮ ಕಾರಿನಲ್ಲಿಯೇ ದವಾಖಾನೆಗೆ ಒಯ್ದರು, ರಕ್ತ ಬೇಕೆಂದಾಗ ತಾವೇ ಓಡಾಡಿದರು. ಇದನ್ನು ತಮ್ಮ ಮರೆತಿಲ್ಲ. ನಾನೂ ಮರೆತಿಲ್ಲ. ಮುಂದೆ ಆದದ್ದನ್ನೆಲ್ಲ ಹೇಳುವಾಗ ಇದನ್ನು ಬಿಟ್ಟು ಹೇಳಲಾರೆ.

ರಜೆ ಸಿಕ್ಕ ಕೂಡಲೇ ತಮ್ಮನಿಗೆ ಈ ಸುದ್ದಿ ಹೇಳಲು ಹೊರಟೆ. ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕುಳಿತು ಇಬ್ಬರೂ ಒಂದೇ ಸಂಸ್ಥೆಗೆ ಸೇರುವುದು, ಕಾರ್ಡಿನ ಮೇಲೆ ಇಬ್ಬರ ಹೆಸರು ಬರುವುದು, ಇದನ್ನೇ ಎಣಿಸುತ್ತಿದ್ದೆ. ಕಾರ್ಡು ಕೊಡುತ್ತಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ತಮ್ಮ ಪೂರಾ ಕೇಳಿದ. ಮುಖ ಅರಳಲಿಲ್ಲ. "ಶೇಠಜಿಗೆ ಕೇಳೋಣ ನಡಿ," ಅಂದ.

ಮಾಲೀಕರು ಗಾಜಿನ ಬಾಗಿಲ ಆಚೆ ಹೆಡ್‌ಫೋನು ಹಾಕಿಕೊಂಡು ಕುಳಿತಿದ್ದರು. ನನ್ನನ್ನು ಕಂಡು ಎದ್ದು, "ಯಾ, ತಾಈ," ಎಂದು ಮರಾಠಿಯಲ್ಲಿ ಅಕ್ಕನಿಗೆ ಹೇಳುವ ಹಾಗೆ ಕರೆದು ಚಹಾ ತರಿಸಿದರು. ನನ್ನ ಮಾತು ಮುಗಿಯುವವರೆಗೆ ತಲೆ ಅಲ್ಲಾಡಿಸುತ್ತಾ ಕೇಳಿದರು. ಆಮೇಲೆ ಬಹಳ ಮೃದುವಾಗಿ ಹೇಳಿದರು. ಮುಂಬಯಿಯಲ್ಲಿ ಬರೆಯುವವರ, ಧಾಟಿ ಕಟ್ಟುವವರ ಸಂಸ್ಥೆ ಇದೆ, ನಿಜ. ಆದರೆ ನಾಶಿಕದ ಮೂಲೆಯಲ್ಲಿ ಕುಳಿತ ಕನ್ನಡದ ಹೆಣ್ಣುಮಗಳನ್ನು ಅಲ್ಲಿ ಯಾರು ಕೇಳುತ್ತಾರೆ? ಹೊರದೇಶದ ಸಂಸ್ಥೆಯೊಂದಿದೆ, ಈಗ ಮೊಬೈಲಿನಲ್ಲಿಯೇ ಸೇರಬಹುದು. ಶೇಠರೇ ತಮ್ಮ ಕಂಪನಿಯ ಮೂಲಕ ನಮ್ಮಿಬ್ಬರನ್ನೂ ಅಲ್ಲಿಗೆ ಸೇರಿಸುತ್ತಾರೆ. ಹಣ ಶೇಠರ ಕೈಗೆ ಬರುತ್ತದೆ, ಅವರು ನಮಗೆ ಹಂಚುತ್ತಾರೆ. ನಾವು ತಲೆ ಕೆಡಿಸಿಕೊಳ್ಳುವುದು ಬೇಡ.

"ನಾನು ಒಬ್ಬಳೇ ನೇರವಾಗಿ ಸೇರಿದರೆ?" ಎಂದೆ.

ಅವರು ತಮ್ಮನ ಕಡೆ ನೋಡಿದರು. "ಅವನು ಹೇಳಿಲ್ಲವೇ?"

ಹೊರಗೆ ಬಂದ ಮೇಲೆ, ಅವನ ಕೋಣೆಯ ಹೊಸ್ತಿಲ ಮೇಲೆ ಕುಳಿತು ತಮ್ಮ ಹೇಳಿದ. "ನಾ ಆಗಲೇ ಸಹಿ ಮಾಡೀನಿ, ಅಕ್ಕಾ. ಹತ್ತು ವರ್ಸಕ್ಕ. ನಾ ಕಟ್ಟೋ ಧಾಟಿ ಎಲ್ಲಾ ಇವರ ಕಂಪನೀದು. ಅದರಾಗ ಕೂಡಸೋ ಮಾತೂ ಇವರ ಕಡೀಂದನ ಹೋಗಬೇಕು."

"ನನ್ನ ಮಾತಿಗೂ ನೀನ ಸಹಿ ಮಾಡಿದ್ಯಾ?"

"ಹಾಡಂದ್ರ ಒಂದ ಅಲ್ಲೇನು? ಮಾತ ಬ್ಯಾರೆ, ಧಾಟಿ ಬ್ಯಾರೆ ಅಂತ ಯಾರ ಹೇಳ್ಯಾರ ನಿನಗ?"

ನನಗೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸುಳ್ಳೂ ಅಲ್ಲ. ಪೈಠಣಿ ಹಾಡಿನ ಮೊದಲ ಸಾಲು ಅವನು ಸುಮ್ಮನೆ ಗುನುಗುತ್ತಿದ್ದಾಗ ನನ್ನ ಬಾಯಿಗೆ ಬಂದದ್ದು. ಕೊನೆಯ ಏರು ನಾನು ಎಳೆದದ್ದನ್ನು ಕೇಳಿ ಅವನು ಕಟ್ಟಿದ್ದು. ಎಲ್ಲಿ ಕತ್ತರಿಸಬೇಕು ಅದನ್ನು?

"ನೀ ಬ್ಯಾರೆ ಕಡಿ ಸೇರಿದ್ರ ಶೇಠ ನಮ್ಮನ್ನ ಇಲ್ಲಿಂದ ಎಬ್ಬಸ್ತಾರ," ಅಂದ. "ಸಣ್ಣ ಕೂಸು ಐತಿ ಮನ್ಯಾಗ. ನೀನ ವಿಚಾರ ಮಾಡು."

ನಾಶಿಕಕ್ಕೆ ಮರಳಿದ ಮೇಲೆ ಮ್ಯಾನೇಜರರ ಮೇಜಿನ ಫೋನಿನಿಂದಲೇ ಮುಂಬಯಿಯ ಸಂಸ್ಥೆಗೆ ಫೋನು ಮಾಡಿದೆ. ಒಬ್ಬಾಕೆ ಹಿಂದಿಯಲ್ಲಿ ಮಾತಾಡಿದಳು. ನಾನು ತಡವರಿಸಿದಾಗೆಲ್ಲ ತಡೆದು ನಿಲ್ಲುತ್ತಿದ್ದಳು. ಅವಳು ಹೇಳಿದ್ದು ಸ್ಪಷ್ಟವಾಗಿತ್ತು. ಕಾನೂನಿನ ಪ್ರಕಾರ ಹಾಡಿನ ಮಾತು ಬರೆದವರದು, ಧಾಟಿ ಕಟ್ಟಿದವರದು. ತಮ್ಮ ಎಲ್ಲಿದ್ದರೂ ನಾನು ಬೇರೆ ಸೇರಬಹುದು. ಅವನ ಸಹಿ ನನ್ನ ಮಾತಿಗೆ ನಡೆಯುವುದಿಲ್ಲ. ಹಾಡು ಬಳಸಿದ್ದಕ್ಕೆ ಬರೆದವರಿಗೆ ಬರಬೇಕಾದ ಪಾಲನ್ನು ಬರೆದವರೇ ಬಿಟ್ಟುಕೊಡುತ್ತೇನೆಂದರೂ ಕಂಪನಿಯವರು ಇಟ್ಟುಕೊಳ್ಳುವಂತಿಲ್ಲ.

ನನ್ನ ಹೆಗಲ ಮೇಲಿನ ಭಾರ ಇಳಿದ ಹಾಗಾಯಿತು. ಫೋನಿಡುವ ಮೊದಲು, "ಸೇರಿದ ಮೇಲೆ ಏನಾದರೂ ಕಟ್ಟಳೆ ಇದೆಯೇ?" ಎಂದು ಕೇಳಿದೆ.

ಇದೆ ಎಂದಳು. ಹಾಡನ್ನು ಜನರ ಮುಂದೆ ಹಾಕಲು, ಹಾಡಲು ಅಪ್ಪಣೆ ಕೊಡುವ ಹಕ್ಕು ಸಂಸ್ಥೆಯ ಕಡೆ ಬರುತ್ತದೆ. ಈಗಾಗಲೇ ಬರೆದದ್ದಕ್ಕೂ, ಇನ್ನು ಮುಂದೆ ಬರೆಯುವುದಕ್ಕೂ. ಇದೊಂದು ಇಲ್ಲಿ, ಅದೊಂದು ಅಲ್ಲಿ ಎಂದು ಹಂಚಲು ಬರುವುದಿಲ್ಲ. ಬಿಟ್ಟು ಹೋಗಬಹುದು, ಆದರೆ ಅದಕ್ಕೆ ಮುಂಚಿತವಾಗಿ ತಿಳಿಸಬೇಕು, ಕಾಯಬೇಕು. "ಎಲ್ಲ ಕಡೆಯೂ ಹೀಗೆಯೇ, ದೀದಿ. ಎಲ್ಲರ ಹಾಡನ್ನೂ ಒಟ್ಟಿಗೆ ಹಿಡಿದರೇ ನಾವು ಹೋಟೆಲಿನವರನ್ನು ಕೇಳುವುದಕ್ಕೆ ಆಗುವುದು."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಇನ್ನು ಮುಂದೆ ಬರೆಯುವುದು ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೂ ಬಾಯಿಗೆ ಬಾರದ ಮಾತಿಗೆ ಈಗಲೇ ಇಬ್ಬರು ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಮುಂಬಯಿಗೆ ಕೊಟ್ಟರೆ ತಮ್ಮನ ಧಾಟಿಗೆ ಕೂಡಿಸುವಂತಿಲ್ಲ, ಮಾಲೀಕರು ಮುದ್ರಿಸುವುದಿಲ್ಲ. ಮಾಲೀಕರಿಗೆ ಕೊಟ್ಟರೆ ನನ್ನ ಹೆಸರು ಅವರ ಕಂಪನಿಯ ಹೆಸರಿನ ಕೆಳಗೆ. ಎರಡೂ ಬೇಡವೆಂದರೆ ಈಗಿರುವ ಹಾಗೆಯೇ. ಮೇಸ್ತ್ರಿಗಳು ಕುಣಿಯುತ್ತಾರೆ, ನಾನು ಮೇಜುಬಟ್ಟೆ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿರುತ್ತೇನೆ.

ಹಲವು ತಿಂಗಳು ನಾನು ಏನನ್ನೂ ತೀರ್ಮಾನಿಸಲಿಲ್ಲ. ಮ್ಯಾನೇಜರರು ಒಂದೆರಡು ಸಲ ಕೇಳಿದರು, ಆಮೇಲೆ ನನ್ನ ಮುಖ ನೋಡಿ ಕೇಳುವುದು ಬಿಟ್ಟರು. ತಮ್ಮ ವಾರಕ್ಕೊಮ್ಮೆ ಫೋನು ಮಾಡಿ, ಊಟ ಆಯಿತೇನು ಎಂದು ಕೇಳಿದ ಕೂಡಲೇ ಸಹಿಯ ಮಾತಿಗೆ ಬರುತ್ತಿದ್ದ. "ಶೇಠ ಕೇಳಾಕ ಹತ್ತ್ಯಾರ, ಅಕ್ಕಾ. ಒಂದು ಸಹಿ ಅಷ್ಟ." ನಾನು ನೋಡೋಣ ಎನ್ನುತ್ತಿದ್ದೆ. ಫೋನಿಟ್ಟ ಮೇಲೆ ಸಾತಪುರದ ನನ್ನ ಬಾಡಿಗೆ ಕೋಣೆ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತಿತ್ತು. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಗೋಡೆ.

ಬರೆಯುವುದು ನಿಂತಿತು. ನಿಂತಿತು ಎಂದರೆ ತಪ್ಪಾಗುತ್ತದೆ, ನಿಲ್ಲಿಸಿಕೊಂಡೆ. ದಿಂಬಿನ ಗೌಸು ಎಣಿಸುವಾಗ, ಸಾಮಾನಿನ ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಮಾತುಗಳು ಮೊದಲಿನ ಹಾಗೆಯೇ ಬರುತ್ತಿದ್ದವು. ಬಂದ ಕೂಡಲೇ ಇದು ಯಾರದಾಗುತ್ತದೆ ಎಂಬ ಯೋಚನೆ ಬೆನ್ನಿಗೆ ಬರುತ್ತಿತ್ತು. ಆಗ ರೇಡಿಯೋದಲ್ಲಿ ಕೇಳಿದ ಯಾವುದಾದರೂ ಹಿಂದಿ ಹಾಡು ಗುನುಗಿ ಅವನ್ನು ಓಡಿಸುತ್ತಿದ್ದೆ. ಕೈ ಕೆಳಗಿನ ಹುಡುಗಿಯರು, "ದೀದಿ ಈಗ ಖುಷಿಯಲ್ಲಿದ್ದಾರೆ, ಹಾಡುತ್ತಲೇ ಇರುತ್ತಾರೆ," ಎಂದು ತಮ್ಮೊಳಗೆ ಹೇಳಿಕೊಂಡರು.

ಹೀಗಿರುವಾಗ ಒಂದು ದಿನ ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು. ತಮ್ಮನಿಗೆ ಹೇಳದೆ, ಊರಿನ ಕಡೆಯವರ ಮನೆಗೆ ಹೋಗಿಬರುತ್ತೇನೆ ಎಂದು ಬಂದಿದ್ದಳು. ಅವಳು ಅಕ್ಕಲಕೋಟೆ ಕಡೆಯವಳು, ಮಾತು ಕಡಿಮೆ. ಮಗುವನ್ನು ಮಲಗಿಸಿ, ನಾನು ಹಾಕಿಕೊಟ್ಟ ಅವಲಕ್ಕಿ ತಿಂದು, ತಟ್ಟೆ ತೊಳೆದಿಟ್ಟು ಆಮೇಲೆ ಎದುರಿಗೆ ಕುಳಿತಳು. ಅವಳು ಹೇಳದೆ ಬಂದದ್ದು ಆಗ ತಿಳಿಯದೆ ನಾನು, ತಮ್ಮನೇ ಸಹಿ ಮಾಡಿಸಲು ಕಳಿಸಿದ್ದಾನೆ ಎಂದುಕೊಂಡಿದ್ದೆ.

"ಅಕ್ಕಾರ, ನೀವು ಮುಂಬೈಕ್ಕ ಸೇರಿಬಿಡ್ರಿ," ಅಂದಳು.

ನಾನು ಅವಳ ಮುಖವನ್ನೇ ನೋಡಿದೆ. "ಶೇಠ ನಿಮ್ಮನ್ನ ಮನಿಯಿಂದ ಎಬ್ಬಿಸಿದ್ರ?"

"ಶೇಠ ಹಂಗ ಎಂದೂ ಅಂದಿಲ್ರಿ."

"ತಮ್ಮ ಹೇಳಿದ್ನಲ್ಲ."

"ಇವರ ಹೇಳ್ತಾರ್ರಿ. ಶೇಠರ ಹೆಸರ ಹೇಳಿ ನಿಮ್ಮನ್ನ ಅಂಜಸ್ತಾರ. ನಿಮ್ಮ ಹೆಸರ ಹೇಳಿ ಅಲ್ಲಿ ಶೇಠರ್ನ ಅಂಜಸ್ತಾರ, ನಮ್ಮಕ್ಕ ಸಿಟ್ಟಾಗ್ಯಾಳ, ಮಾತ ಕೊಡಂಗಿಲ್ಲ ಅಂತ. ಇಬ್ಬರ ನಡುವ ತಾವ ಸಿಕ್ಕೊಂಡಾರ. ರಾತ್ರಿ ನಿದ್ದಿಲ್ಲ, ಢೋಲಕಿ ಮುಟ್ಟಂಗಿಲ್ಲ. ಕೂಸಿನ ಮ್ಯಾಲ ಸಿಡಿಮಿಡಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಒಂದು ಕಡಿ ಆದ್ರ ಇವರಿಗೆ ಅಂಜಸೋದು ತಪ್ಪತೈತ್ರಿ. ಇಷ್ಟ ನನಗ ತಿಳಿಯೂದು."

"ಎಬ್ಬಿಸಿದ್ರ ಮುಂದ?"

"ನನಗೂ ಅಂಜಿಕಿ ಐತ್ರಿ," ಎಂದಳು. "ಅಂಜಿಕಿ ಇಲ್ಲ ಅಂತ ಹೇಳಾಕ ಬಂದಿಲ್ಲ."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಮರುದಿನವೇ ನಾನು ಮ್ಯಾನೇಜರರ ಸಹಾಯದಿಂದ ಅರ್ಜಿ ತುಂಬಿದೆ. ತಮ್ಮನಿಗೆ ಫೋನು ಮಾಡಿ ಮೊದಲೇ ಹೇಳಿದೆ. ಫೋನು ಕಡಿದುಹೋಯಿತೆಂದು ಹಲೋ ಹಲೋ ಎಂದೆ.

"ಇದ್ದೀನಿ," ಅಂದ. "ನಿನಗ ಬೇಕಾದಂಗ ಮಾಡಿದಿ. ಇನ್ನ ನನ್ನನ್ನ ಯಾಕ ಕೇಳ್ತಿ?"

ಕೆಲವು ವಾರಗಳ ಮೇಲೆ ಸದಸ್ಯತ್ವ ಆಯಿತೆಂಬ ಸಂದೇಶ ಬಂತು. ನಾನು ಬರೆದವಳು ಎಂದು ಯಾರೋ ದೂರದವರು ಮೊದಲ ಸಲ ಒಪ್ಪಿಕೊಂಡಿದ್ದರು. ಮ್ಯಾನೇಜರರು ಪೇಡೆ ತರಿಸಿ ಎಲ್ಲರಿಗೂ ಹಂಚಿದರು. ಸಂತೋಷವಾಗಲಿಲ್ಲವೆಂದರೆ ಸುಳ್ಳು. ಶೌಚಗೃಹದ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಬಂದೆ. ಆದರೆ ಸಂಭಾಜಿನಗರದಿಂದ ಏನು ಬರುತ್ತದೋ ಎಂದು ಮೊಬೈಲನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ.

ಮಾಲೀಕರು ಅವರನ್ನು ಎಬ್ಬಿಸಲಿಲ್ಲ. ಕೂಗಾಡಲೂ ಇಲ್ಲ. ನನಗೇ ಫೋನು ಮಾಡಿ, "ಅಭಿನಂದನ, ತಾಈ," ಎಂದರು. ಆಮೇಲೆ ಅದೇ ಮೃದುವಾದ ಧ್ವನಿಯಲ್ಲಿ ವಿಷಯ ಹೇಳಿದರು. ಅರ್ಧ ಹಾಡು ಒಂದು ಸಂಸ್ಥೆಯಲ್ಲಿ, ಅರ್ಧ ಇನ್ನೊಂದರಲ್ಲಿ ಇದ್ದರೆ ಅವರ ವ್ಯವಹಾರಕ್ಕೆ ತೊಡಕು. ಹಳೆಯ ಹಾಡುಗಳಲ್ಲಿ ನನ್ನ ಪಾಲು ನನಗೆ, ಅದಕ್ಕೆ ಅವರ ತಕರಾರಿಲ್ಲ. ಹೊಸ ಹಾಡುಗಳಿಗೆ ಮಾತ್ರ ಬೇರೆಯವರ ಹತ್ತಿರ ಮಾತು ಬರೆಸುತ್ತಾರೆ. ಸೋಲಾಪುರದ ಕಡೆಯವರೊಬ್ಬರು ಸಿಕ್ಕಿದ್ದಾರೆ, ಕನ್ನಡ ಚೆನ್ನಾಗಿ ಬರುತ್ತದೆ.

"ತಮ್ಮ ಏನಂದ?" ಎಂದು ಕೇಳಿದೆ.

"ಅವನು ಏನನ್ನುತ್ತಾನೆ? ಕರಾರಿದೆಯಲ್ಲ."

ನಾನು ಅಂಜಿದ್ದೆಲ್ಲ ತಮ್ಮನ ಹಾಸಿಗೆ, ಪಾತ್ರೆ ಬೀದಿಗೆ ಬೀಳುವುದಕ್ಕೆ. ಇದನ್ನು ನೆನೆಸಿರಲಿಲ್ಲ. ಅವನ ಮನೆ ಉಳಿಯಿತು, ನನ್ನ ಹೆಸರು ಉಳಿಯಿತು. ಇಬ್ಬರೂ ಕೂಡಿ ಹಾಡು ಕಟ್ಟುವುದು ಮಾತ್ರ ಇಲ್ಲವಾಯಿತು. ನಾಶಿಕದಲ್ಲಿ ಕನ್ನಡ ಮಾತಿಗೆ ಧಾಟಿ ಕಟ್ಟುವವರನ್ನು ನಾನು ಎಲ್ಲಿ ಹುಡುಕಲಿ? ಒಬ್ಬ ಮರಾಠಿ ಹಾರ್ಮೋನಿಯಂ ಮಾಸ್ತರರ ಹತ್ತಿರ ಹೋದೆ. ಒಳ್ಳೆಯ ಕೈ. ಆದರೆ ಒಂದೊಂದು ಶಬ್ದದ ಅರ್ಥ ಹೇಳುತ್ತಾ ಹೋದರೆ ಹಾಡು ಅಲ್ಲಿಯೇ ಒಣಗಿಹೋಗುತ್ತಿತ್ತು. ಎರಡು ಸಲ ಹೋಗಿ ಬಿಟ್ಟೆ.

ತಮ್ಮನೂ ನಾನೂ ಮಾತು ಬಿಡಲಿಲ್ಲ. ಮೊದಲು ಅವನ ಹೆಂಡತಿ ಫೋನು ಹಚ್ಚಿ ಅವನ ಕೈಗೆ ಕೊಡುತ್ತಿದ್ದಳು. ಆಮೇಲೆ ಅವನೇ ಮಾಡತೊಡಗಿದ. ಕೂಸಿನ ಹಲ್ಲು, ನನ್ನ ಮೊಣಕಾಲ ನೋವು, ಇಂಡಿಯ ಕಡೆ ಯಾರು ತೀರಿಕೊಂಡರು, ಇವೇ. ಹೊಸ ಹಾಡು ಬಂದದ್ದನ್ನು ಅವನು ಹೇಳುತ್ತಿರಲಿಲ್ಲ, ಹೋಟೆಲಿನ ಹುಡುಗಿಯರ ಮೊಬೈಲಿನಲ್ಲಿ ನನಗೆ ಕೇಳಿಸುತ್ತಿತ್ತು. ಸೋಲಾಪುರದವರ ಮಾತು ಕೆಟ್ಟದಾಗಿರಲಿಲ್ಲ. ಕೆಟ್ಟದಾಗಿದ್ದರೆ ಒಳ್ಳೆಯದಿತ್ತು ಎಂದು ಒಂದೊಂದು ಸಲ ಅನಿಸಿದ್ದುಂಟು.

ಕಳೆದ ಪಂಚಮಿಗೆ ತಮ್ಮ ನನ್ನನ್ನು ಕರೆದೊಯ್ಯಲು ಬಂದ. ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯುವ ರೂಢಿ. ಅಪ್ಪ ಅವ್ವ ಹೋದ ಮೇಲೆ ಅವನ ಎರಡು ಕೋಣೆಗಳೇ ನನಗೆ ತವರು. ಹೋಟೆಲಿನಲ್ಲಿ ರಜೆ ಸಿಗಲಿಲ್ಲ. ಹಾಗಾದರೆ ಇಲ್ಲಿಯೇ ಮಾಡೋಣ ಎಂದು ಅವನು, ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಉಂಡಿಯ ಡಬ್ಬಿ ತೆರೆದು ನೆಲದ ಮೇಲೆ ಕುಳಿತ. ನಾನು ಒಲೆಯ ಮುಂದೆ ಬೇಳೆ ಕುದಿಸುತ್ತಿದ್ದೆ. ಅವನು ಗೋಡೆಗೆ ಒರಗಿ, ತನಗೆ ಗೊತ್ತಿಲ್ಲದ ಹಾಗೆ, ತೊಡೆಯ ಮೇಲೆ ಬೆರಳಾಡಿಸುತ್ತಾ ಏನೋ ಗುನುಗತೊಡಗಿದ. ಹೊಸದು. ನಿಧಾನವಾಗಿ ಶುರುವಾಗಿ ನಡುವೆ ಒಂದು ಕಡೆ ತಿರುಗಿಕೊಳ್ಳುವಂಥದು. ಆ ತಿರುವಿಗೆ ಬಂದಾಗಲೆಲ್ಲ ಅವನು ಸ್ವಲ್ಪ ತಡೆಯುತ್ತಿದ್ದ, ಅಲ್ಲಿ ಏನೋ ಬೇಕಾದವನ ಹಾಗೆ.

ಮೂರನೆಯ ಸಲ ತಿರುಗುವಷ್ಟರಲ್ಲಿ ನನಗೆ ಮಾತು ಬಂದಿತ್ತು. ಎರಡು ಸಾಲು, ಪೂರ್ತಿ. ನಾಲಿಗೆಯ ತುದಿಗೇ ಬಂದು ನಿಂತವು. ನಾನು ಸೌಟು ಹಿಡಿದುಕೊಂಡು ಬೇಳೆಯನ್ನೇ ನೋಡುತ್ತಾ ನಿಂತೆ. ಅವನು ಗುನುಗುವುದನ್ನು ನಿಲ್ಲಿಸಿ ನನ್ನ ಬೆನ್ನನ್ನು ನೋಡುತ್ತಿದ್ದಾನೆಂದು ತಿರುಗದೆಯೇ ಗೊತ್ತಾಯಿತು.

"ಹೆಂಗ ಐತಿ?" ಎಂದ.

"ಚಂದ ಐತಿ."

"ನಡುವಿಂದು?"

"ಅದೂ ಚಂದ ಐತಿ," ಎಂದೆ.

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ನಾನು ಉಪ್ಪು ಹಾಕಿದೆ. ಆಮೇಲೆ ಅವನು ಎದ್ದು, ತಟ್ಟೆಗಳನ್ನು ಹಾಕಿ, "ಬಾ, ಉಣ್ಣೂಣು," ಎಂದ. ಇಬ್ಬರೂ ಉಂಡೆವು. ಸಂಜೆ ಅವನ ಬಸ್ಸಿತ್ತು, ನಿಲ್ದಾಣದವರೆಗೆ ಜೊತೆಗೆ ಹೋದೆ.

ಆ ಎರಡು ಸಾಲನ್ನು ನಾನು ಯಾರಿಗೂ ಹೇಳಿಲ್ಲ, ಬರೆದೂ ಇಲ್ಲ. ಅವನ ಕರಾರು ಮುಗಿಯಲು ಇನ್ನೂ ವರ್ಷಗಳಿವೆ. ನಾನು ಸಂಸ್ಥೆಯನ್ನು ಬಿಡುವುದಿಲ್ಲ, ಬಿಡುವ ಕಾರಣವೂ ಇಲ್ಲ. ಹೋದ ತಿಂಗಳು ಆ ಧಾಟಿ ಹಾಡಾಗಿ ಬಂತು. ತಿರುವಿನಲ್ಲಿ ಸೋಲಾಪುರದವರು ಹಾಕಿದ ಮಾತು ಸರಿಯಾಗಿಯೇ ಕೂತಿದೆ.